ಬೇಸಿಗೆಯಲ್ಲಿ ಆಮೆಯ ಮನೆ: ಕೂಲರ್ ಆಮೇಲೆ, ಮೊದಲು ಗುದ್ದಲಿ ತನ್ನಿ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಈಗ ಪುಣೆಯ ಧಾಯರಿಯಲ್ಲಿದ್ದೇವೆ. ಹಿತ್ತಲಲ್ಲಿ ಒಂದು ಸಲ್ಕಾಟಾ ಆಮೆ ಸಾಕಿದ್ದೇವೆ. ಹೆಸರು ಗುಂಡ, ಐದು ವರ್ಷ, ಆರು ಕಿಲೋ ತೂಕ. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ತಗಡು, ಕೆಳಗೆ ಸಿಮೆಂಟು ಹಾಕಿ ಗೂಡು ಕಟ್ಟಿಸಿದ್ದೇವೆ. ಬಾಗಿಲು ಪಶ್ಚಿಮಕ್ಕಿದೆ. ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅದರ ಬಾಯಲ್ಲಿ ನೊರೆ ಬಂದು ಒದ್ದಾಡಿತು. ಫ್ರಿಜ್‌ನ ಐಸ್ ನೀರು ಸುರಿದೆವು, ಹೇಗೋ ಉಳಿಯಿತು. ಈ ಸಲ ಕೂಲರ್ ಇಡೋಣ ಅಂದುಕೊಂಡಿದ್ದೇನೆ. ನಮ್ಮ ಯಜಮಾನರು "ಅದು ಮರುಭೂಮಿ ಪ್ರಾಣಿ, ಅದಕ್ಕೇನೂ ಬೇಡ" ಅನ್ನುತ್ತಾರೆ. ಅತ್ತೆಯವರು ತಂಪಾಗಲಿ ಅಂತ ದಿನಾ ಮಜ್ಜಿಗೆ, ಕಲ್ಲಂಗಡಿ ಇಡುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರು ಹೇಳಿದ್ದು ಅರ್ಧ ಸರಿ. ಸಲ್ಕಾಟಾದ ತವರು ಆಫ್ರಿಕದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ. ಸೆನೆಗಲ್, ಮಾಲಿ, ಚಾಡ್, ಸುಡಾನ್ ಕಡೆಯ ಒಣ ಹುಲ್ಲುಗಾವಲು. ಅಲ್ಲಿನ ಬಿಸಿಲಿನ ಮುಂದೆ ಪುಣೆಯ ಬಿಸಿಲು ಏನೂ ಅಲ್ಲ. ಆದರೆ ಅಲ್ಲಿನ ಆಮೆ ಆ ಬಿಸಿಲಿಗೆ ಮೈ ಒಡ್ಡುವುದೇ ಇಲ್ಲ. ಮುಂಜಾನೆ ಮೇಯುತ್ತದೆ, ಹೊತ್ತೇರುವ ಮೊದಲೇ ಬಿಲ ಸೇರುತ್ತದೆ. ಬಿಲ ಅಂದರೆ ಇಲಿಬಿಲ ಅಂದುಕೊಳ್ಳಬೇಡಿ. ಹತ್ತಡಿ ಆಳಕ್ಕೆ ಇಳಿಯುವ ಸುರಂಗವನ್ನೂ ಅದು ತೋಡಬಲ್ಲದು. ಕಡು ಬೇಸಿಗೆಯಲ್ಲಿ ವಾರಗಟ್ಟಲೆ ಅದರೊಳಗೇ ಇರುತ್ತದೆ. ಗುಂಡನಿಗೆ ಮರುಭೂಮಿಯ ಬಿಸಿಲು ಸಿಕ್ಕಿದೆ, ಬಿಲ ಸಿಕ್ಕಿಲ್ಲ. ಸಿಮೆಂಟು ನೆಲವನ್ನು ಅವನು ಎಷ್ಟು ಕೆರೆದರೂ ಅಷ್ಟೇ.

ಆ ನೊರೆಯ ವಿಷಯ. ಆಮೆಗೆ ಬೆವರು ಬರುವುದಿಲ್ಲ. ನಾಯಿಯ ಹಾಗೆ ನಾಲಿಗೆ ಚಾಚಿ ತೇಕುವುದೂ ಅದಕ್ಕೆ ಗೊತ್ತಿಲ್ಲ. ಗಾಳಿಯ ಬಿಸಿ 40 ಡಿಗ್ರಿ ಹತ್ತಿರ ಬಂದಾಗ ಸಲ್ಕಾಟಾ ಬಾಯಿಂದ ಜೊಲ್ಲು ಬಿಟ್ಟು ಅದನ್ನು ಮುಂಗಾಲಿಗೆ ಸವರಿಕೊಳ್ಳುತ್ತದೆ. ಒದ್ದೆಯಾದ ಚರ್ಮ ಒಣಗುವಾಗ ಒಂದಿಷ್ಟು ತಂಪಾಗುತ್ತದೆ, ಅಷ್ಟೇ. ಅದು ಅವನ ಕೊನೆಯ ಉಪಾಯ. ನೊರೆ ಕಂಡಿತು ಅಂದರೆ ಮೈಯೊಳಗೆ ಬಿಸಿ ಮಿತಿ ಮುಟ್ಟಿದೆ, ಇನ್ನು ಸ್ವಲ್ಪ ಹೊತ್ತು ಹೋದರೆ ಕಾಲು ಜೋತು ಬೀಳುತ್ತದೆ. ಅದಕ್ಕೂ ಮೊದಲು ಗೋಡೆಯುದ್ದಕ್ಕೂ ಅತ್ತಿಂದಿತ್ತ ಓಡಾಡುವುದು, ಮೂಲೆಗೆ ಗುದ್ದುವುದು ಕಾಣುತ್ತದೆ. ಬಹಳ ಜನ ಅದನ್ನು ನೋಡಿ "ಇವತ್ತು ಭಾರಿ ಚುರುಕಾಗಿದೆ" ಅಂದುಕೊಳ್ಳುತ್ತಾರೆ.

ಐಸ್ ನೀರು ಸುರಿದಿದ್ದು ಮಾತ್ರ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ತಣ್ಣೀರು ಬಿದ್ದ ಕೂಡಲೇ ಚರ್ಮದ ರಕ್ತನಾಳಗಳು ಮುದುಡುತ್ತವೆ. ಒಳಗಿನ ಬಿಸಿ ಹೊರಗೆ ಬರುವ ದಾರಿಯೇ ಮುಚ್ಚಿದಂತೆ. ಮೊದಲೇ ಬಳಲಿದ ಜೀವಕ್ಕೆ ಆಘಾತ ಬೇರೆ. ಇನ್ನೊಮ್ಮೆ ಹೀಗಾದರೆ ಮೊದಲು ನೆರಳಿಗೆ ತನ್ನಿ. ಅಗಲವಾದ ಟಬ್ಬಿನಲ್ಲಿ ಮಾಮೂಲಿ ನೀರು ಹಾಕಿ. ಟ್ಯಾಂಕಿನಿಂದ ಮಧ್ಯಾಹ್ನ ಬರುವ ಕುದಿನೀರಲ್ಲ, ಮನೆಯೊಳಗೆ ಬಕೆಟ್‌ನಲ್ಲಿ ನಿಂತಿದ್ದ ನೀರು. ಗದ್ದ ನೀರಿನ ಮೇಲಿರಲಿ. ಬಸವಳಿದ ಆಮೆ ತಲೆ ಎತ್ತಿ ಹಿಡಿಯದೆ ನೀರು ಕುಡಿದು ಸಾಯಬಹುದು, ಅದಕ್ಕೇ ಪಕ್ಕದಲ್ಲೇ ಕೂತಿರಿ. ತಲೆ, ಕಾಲಿನ ಮೇಲೆ ಕೈಯಿಂದ ನೀರು ಹನಿಸುತ್ತಾ ಇರಿ. ಬಾಯೊಳಗೆ ನೀರು ಹೊಯ್ಯಬೇಡಿ. ಚೇತರಿಸಿಕೊಂಡ ಮೇಲೂ ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ. ಹೊರಗೆ ಚೆನ್ನಾಗಿ ಕಂಡರೂ ಬಿಸಿಯ ಪೆಟ್ಟು ಕಿಡ್ನಿಗೆ ಬಿದ್ದಿರಬಹುದು. ಅದು ಕೆಲವು ದಿನ ಬಿಟ್ಟು ಗೊತ್ತಾಗುತ್ತದೆ.

ಈಗ ಗೂಡಿಗೆ ಬರೋಣ. ನೀವು ಬರೆದ ವಿವರ ಓದುವಾಗ ನನಗೆ ನೆನಪಾಗಿದ್ದು ರೊಟ್ಟಿ ಭಟ್ಟಿ. ಮೇಲೆ ತಗಡು, ಸುತ್ತ ಇಟ್ಟಿಗೆ, ಕೆಳಗೆ ಸಿಮೆಂಟು, ಬಾಯಿ ಪಶ್ಚಿಮಕ್ಕೆ. ಮಧ್ಯಾಹ್ನ ಎರಡರ ನಂತರದ ಬಿಸಿಲು ನೇರ ಒಳಗೇ ಬರುತ್ತದೆ. ಇಟ್ಟಿಗೆ ಆ ಬಿಸಿಯನ್ನೆಲ್ಲ ಕುಡಿದು ರಾತ್ರಿ ಒಂಬತ್ತರವರೆಗೂ ವಾಪಸ್ ಕೊಡುತ್ತಾ ಇರುತ್ತದೆ.

ಏನಾದರೂ ಬದಲಿಸುವ ಮೊದಲು ಒಂದು ದಿನ ಅಳೆದು ನೋಡಿ. ಅಳೆಯುವುದು ಆಮೆಯ ಎತ್ತರದಲ್ಲಿ, ನೆಲದಿಂದ ನಾಲ್ಕು ಇಂಚು ಮೇಲೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರ ಮನೆಯ ಗಚ್ಚಿಯ ಮೇಲಿನ ಆಮೆ ನೋಡಲು ಹೋಗಿದ್ದೆ. ಗೋಡೆಯ ಮೊಳೆಗೆ ತೂಗು ಹಾಕಿದ್ದ ಥರ್ಮಾಮೀಟರ್ 36 ತೋರಿಸುತ್ತಿತ್ತು. "ಪರವಾಗಿಲ್ಲ" ಅಂದುಬಿಟ್ಟೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದರಿಂದ ನನ್ನ ಅಂಗಾಲು ಚುರ್ ಅನ್ನುತ್ತಿತ್ತು, ಆದರೂ ತಲೆಗೆ ಹೊಳೆಯಲಿಲ್ಲ. ಆಮೆ ಓಡಾಡುವುದು ನನ್ನ ಎದೆಯ ಎತ್ತರದಲ್ಲಲ್ಲ, ಆ ಅಂಗಾಲಿನ ಮಟ್ಟದಲ್ಲಿ. ವಾರದೊಳಗೆ ಆ ಆಮೆ ಹೋಯಿತು.

ಗನ್ ಥರ್ಮಾಮೀಟರ್ ಇದ್ದರೆ ಅದರಲ್ಲಿ ಒಂದು ಮೋಸವಿದೆ, ಗೊತ್ತಿರಲಿ. ಹೊಸ ಹೊಳೆಯುವ ತಗಡಿಗೆ ಹಿಡಿದರೆ ಅದು ತೀರಾ ಕಡಿಮೆ ತೋರಿಸುತ್ತದೆ. ತಗಡಿನ ಮೇಲೆ ಕರೆಂಟಿನವರು ಬಳಸುವ ಕಪ್ಪು ಟೇಪಿನ ಚೂರು ಅಂಟಿಸಿ, ಹತ್ತು ನಿಮಿಷ ಬಿಟ್ಟು ಆ ಟೇಪಿಗೆ ಹಿಡಿಯಿರಿ. ಏಪ್ರಿಲ್ ಮಧ್ಯಾಹ್ನ 60 ದಾಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕಾದ ಹಂಚಿನ ಮೇಲೆ ಕೈ ಹಿಡಿದರೆ ಮುಟ್ಟದೆಯೂ ಬಿಸಿ ತಾಗುತ್ತದಲ್ವಾ? ಗುಂಡನ ಬೆನ್ನಿಗೆ ಆಗುತ್ತಿರುವುದು ಅದೇ.

ಪುಣೆಗೆ ಸಂಬಂಧಿಸಿದ ಇನ್ನೊಂದು ಸಂಗತಿ. ಮೇ 13-14ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನೆಟ್ಟಗೆ ನಿಂತ ಕಂಬಕ್ಕೂ ನೆರಳಿಲ್ಲ. ಅದರ ಹಿಂದೆ ಮುಂದೆ ಕೆಲವು ವಾರ ಹೆಚ್ಚು ಕಡಿಮೆ ಹಾಗೇ. "ಕಂಪೌಂಡಿನ ನೆರಳು ಬೀಳುತ್ತದೆ, ಸಾಕು" ಅನ್ನುವವರು ಜನವರಿಯ ನೆರಳು ನೋಡಿ ಮಾತಾಡುತ್ತಿರುತ್ತಾರೆ. ಬೇಸಿಗೆಯ ನಡುಮಧ್ಯಾಹ್ನಕ್ಕೆ ಗೋಡೆ ಉಪಯೋಗಕ್ಕಿಲ್ಲ. ಮರ ಇರಬೇಕು, ಇಲ್ಲವೇ ಚಾವಣಿ.

ಆದ್ದರಿಂದ ತಗಡಿನ ಮೇಲೆ ಇನ್ನೊಂದು ಚಾವಣಿ ಹಾಕಿ. ತಗಡಿಗೆ ತಾಗಿಸಿ ಅಲ್ಲ, ಒಂದಡಿ ಮೇಲೆ. ನಾಲ್ಕು ಬಿದಿರು ನೆಟ್ಟು, ನರ್ಸರಿಯವರು ಕಟ್ಟುವ ಹಸಿರು ಶೇಡ್ ನೆಟ್ ಬಿಗಿದರೆ ಆಯಿತು. 75 ಪರ್ಸೆಂಟ್ ನೆರಳಿನದು ಕೇಳಿ. ಗೂಡಿನ ಅಳತೆಗಿಂತ ಎಲ್ಲಾ ಕಡೆ ಎರಡಡಿ ಆಚೆ ಬರಲಿ, ಪಶ್ಚಿಮಕ್ಕೆ ಇಳಿಬಿಡಿ. ನಡುವಿನ ಖಾಲಿ ಜಾಗದಲ್ಲಿ ಗಾಳಿ ಆಡಬೇಕು, ಕೆಲಸ ಮಾಡುವುದು ಆ ಗಾಳಿ. ನೆಟ್ಟನ್ನು ತಗಡಿಗೇ ಹಾಸಿದರೆ ದುಡ್ಡು ದಂಡ. ತಗಡಿನ ಮೇಲೆ ಕಬ್ಬಿನ ರವದಿ, ಅಂದರೆ ಒಣ ಗರಿ, ಒಂದು ಗೇಣು ದಪ್ಪ ಹೊದಿಸಿದರೆ ಇನ್ನೂ ಒಳ್ಳೆಯದು. ಬಾಗಲಕೋಟೆಯವರಿಗೆ ರವದಿ ಏನು ಅಂತ ನಾನು ಹೇಳಬೇಕಾಗಿಲ್ಲ. ಪುಣೆಯ ಸುತ್ತಲೂ ಕಬ್ಬೇ ಕಬ್ಬು, ಇಲ್ಲಿ ಪಾಚಟ ಅಂತ ಕೇಳಿ. ತಗಡಿಗೆ ಬಿಳಿ ಸುಣ್ಣ ಬಳಿಯುವುದೂ ಒಳ್ಳೆಯ ಉಪಾಯ, ಬರೀ ಸುಣ್ಣ ನಿಲ್ಲದು, ಸ್ವಲ್ಪ ಫೆವಿಕಾಲ್ ಬೆರೆಸಿ. ಪಶ್ಚಿಮದ ಬಾಗಿಲು ಮುಚ್ಚಿ ಉತ್ತರಕ್ಕೋ ಪೂರ್ವಕ್ಕೋ ಒಡೆಸಿ, ಎದುರು ಗೋಡೆಯಲ್ಲಿ ನೆಲಮಟ್ಟಕ್ಕೆ ಎರಡು ಇಟ್ಟಿಗೆ ತೆಗೆಸಿ. ಇದಕ್ಕೆ ಗೌಂಡಿಯ ಅರ್ಧ ದಿನದ ಕೆಲಸ.

ಇಷ್ಟು ಮಾಡಿದರೂ ಆ ಗೂಡು ಮಧ್ಯಾಹ್ನಕ್ಕೆ ಹೊರಗಿನ ಗಾಳಿಗಿಂತ ತಂಪಾಗುವುದಿಲ್ಲ. ಹೊರಗೆ 40 ಇದ್ದರೆ ಒಳಗೂ 40. ಅದಕ್ಕಿಂತ ಕೆಳಗೆ ಇಳಿಸಲು ನಿಜವಾದ ದಾರಿ ಮಣ್ಣು.

ಮಣ್ಣಿನ ಗುಣ ನೋಡಿ. ಬಿಸಿಲಿಗೆ ಮೇಲ್ಮೈ ಕಾದು ಕೆಂಡವಾದರೂ ಆ ಬಿಸಿ ಕೆಳಗೆ ಇಳಿಯುವುದು ಬಹಳ ನಿಧಾನ. ಇಳಿಯುವಷ್ಟರಲ್ಲಿ ರಾತ್ರಿಯಾಗಿ ಮೇಲ್ಮೈ ಮತ್ತೆ ತಣಿಯುತ್ತದೆ. ಒಂದು ಮೊಳ ಕೆಳಗೆ ಹೋದರೆ ಹಗಲು ರಾತ್ರಿಯ ವ್ಯತ್ಯಾಸವೇ ಗೊತ್ತಾಗದು, ಎರಡರ ಸರಾಸರಿಯಲ್ಲಿ ನಿಂತಿರುತ್ತದೆ. ಪುಣೆಯ ಏಪ್ರಿಲ್‌ನಲ್ಲಿ ಹಗಲು 38-40, ರಾತ್ರಿ 20-23. ಹಾಗಾಗಿ ನೆರಳಲ್ಲಿರುವ ಮಣ್ಣು ಒಂದು ಮೊಳ ಆಳದಲ್ಲಿ 30ರ ಆಸುಪಾಸು. ಗುಂಡನಿಗೆ ಬೇಕಾದ್ದು ಸರಿಯಾಗಿ ಅಷ್ಟೇ. ಕರೆಂಟ್ ಬಿಲ್ ಇಲ್ಲ, ಲೋಡ್‌ಶೆಡ್ಡಿಂಗ್ ಭಯವೂ ಇಲ್ಲ.

ಬಿಲ ತೋಡುವುದನ್ನು ಗುಂಡನಿಗೇ ಬಿಟ್ಟರೆ ಅವನು ತೋಡುತ್ತಾನೆ, ಆದರೆ ನಿಮ್ಮ ಮನೆಯ ಪಾಯದ ಕೆಳಗೇ ತೋಡಿಯಾನು. ಅಥವಾ ಬಿಲ ಕುಸಿದು ಅವನನ್ನೇ ಮುಚ್ಚೀತು. ಅದಕ್ಕೇ ನೀವೇ ಕಟ್ಟಿಕೊಡಿ. ಗೋಡೆ, ಕಂಪೌಂಡಿನಿಂದ ನಾಲ್ಕಡಿ ದೂರ, ಆದಷ್ಟು ಮರದ ನೆರಳಲ್ಲಿ ಜಾಗ ಆರಿಸಿ. ಐದಾರು ಅಡಿ ಉದ್ದದ ಕಾಲುವೆಯನ್ನು ಇಳಿಜಾರಾಗಿ ತೋಡಿಸಿ. ಬಾಯಲ್ಲಿ ನೆಲಮಟ್ಟ, ಕೊನೆಯಲ್ಲಿ ಎರಡೂವರೆ ಅಡಿ ಆಳ. ಇಳಿಜಾರು ಕಡಿದಾದರೆ ವಾಪಸ್ ಹತ್ತಲಾಗದೆ ಬೆನ್ನಡಿಯಾಗಿ ಬೀಳುತ್ತಾನೆ, ಉದ್ದ ಇನ್ನೊಂದಡಿ ಹೆಚ್ಚಾದರೂ ಚಿಂತೆಯಿಲ್ಲ. ಎರಡು ಪಕ್ಕಕ್ಕೂ ಇಟ್ಟಿಗೆ ಜೋಡಿಸಿ, ಮೇಲೆ ಶಹಾಬಾದ್ ಫರಶಿ ಮುಚ್ಚಿ. ನಮ್ಮ ಕಲಬುರಗಿ ಜಿಲ್ಲೆಯ ಆ ಕಲ್ಲು ಪುಣೆಯ ಹಳೆ ಮನೆಗಳ ನೆಲದಲ್ಲೆಲ್ಲ ಇದೆ, ಮನೆ ಕೆಡವಿದ ಕಡೆ ಹಳೆಯ ಫರಶಿ ಅಗ್ಗಕ್ಕೆ ಸಿಗುತ್ತದೆ. ಫರಶಿಯ ಮೇಲೆ ಕನಿಷ್ಠ ಒಂದಡಿ ಮಣ್ಣು ಪೇರಿಸಿ ಗರಿಕೆ ನೆಡಿ. ಒಳಗಿನ ಅಗಲ ಒಂದೂವರೆ ಅಡಿಗೆ ಕಡಿಮೆ ಬೇಡ, ಅವನು ಒಳಗೆ ತಿರುಗಿ ಮುಖ ಮುಂದೆ ಮಾಡಿಕೊಂಡೇ ಹೊರಬರಬೇಕು. ನೆಲಕ್ಕೆ ಬರೀ ಮಣ್ಣು. ಒಳಗಿನ ತುದಿಯ ಮಣ್ಣು ಒಂಚೂರು ಹಸಿಯಾಗಿರಲಿ, ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಬರಬಾರದು.

ಮೊದಲ ಎರಡು ದಿನ ಅವನು ಆ ಕಡೆ ತಿರುಗಿಯೂ ನೋಡದಿರಬಹುದು. ಬಾಯಲ್ಲಿ ದಾಸವಾಳದ ಹೂವು ಇಡಿ. ಆಮೇಲೆ ಒಂದು ಮಧ್ಯಾಹ್ನ ಹೋಗಿ ನೋಡಿದರೆ ಕತ್ತಲಲ್ಲಿ ಚಿಪ್ಪಿನ ಹಿಂಭಾಗ ಮಾತ್ರ ಕಾಣುತ್ತದೆ. ಹೊರಗೆ ಎಳೆಯಲು ಹೋಗಬೇಡಿ. ಸಂಜೆ ಐದೂವರೆಗೆ ಅವನೇ ಬರುತ್ತಾನೆ.

ಇನ್ನೊಂದು ಮಾತು: ಗುಂಡ ಹೀಗೇ ಆರು ಕಿಲೋ ಇರುವುದಿಲ್ಲ. ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ನೆಲದ ಆಮೆ ಇದೇ. 40-50 ಕಿಲೋ ಆಗುವುದು ಮಾಮೂಲು. ಮೂರ್ನಾಲ್ಕು ವರ್ಷಕ್ಕೆ ಈ ಬಿಲ ಸಾಲದು, ಫರಶಿ ಗಾರೆ ಹಾಕಿ ಕೂರಿಸಬೇಡಿ.

ಕೂಲರ್ ಇಡಲೇಬಾರದಾ? ಪುಣೆಯಲ್ಲಿ ಇಡಬಹುದು, ಕೆಲಸವೂ ಮಾಡುತ್ತದೆ. ನೀರು ಆವಿಯಾಗಲು ಗಾಳಿ ಒಣಗಿರಬೇಕು, ಇಲ್ಲಿಯ ಏಪ್ರಿಲ್ ಮಧ್ಯಾಹ್ನ ಗಾಳಿ ಬಹಳ ಒಣ. ಅದೇ ಕಾರಣಕ್ಕೆ ಗೂಡಿನ ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೂ ಹೆಚ್ಚು ಕಡಿಮೆ ಅದೇ ಫಲ, ಮಧ್ಯಾಹ್ನ ನಾಲ್ಕು ಸಲ ನೀರು ಚಿಮುಕಿಸಿದರೆ ಸಾಕು. ನನ್ನ ಕೇಳಿದರೆ ಗೋಣಿತಟ್ಟೇ ವಾಸಿ. ಕೂಲರ್ ರಾತ್ರಿಯೂ ಓಡುತ್ತಾ ಉಳಿದುಬಿಡುತ್ತದೆ, ತಣ್ಣನೆಯ ಒದ್ದೆ ಗಾಳಿಗೆ ಆಮೆಯ ಮೂಗು ಸೋರಿ ನ್ಯುಮೋನಿಯಾಕ್ಕೆ ತಿರುಗುತ್ತದೆ. ಕೂಲರಿನ ತೊಟ್ಟಿಯಲ್ಲಿ ಡೆಂಗ್ಯೂ ಸೊಳ್ಳೆ ಬೇರೆ.

ಮುಂಬಯಿ, ಗೋವಾದಲ್ಲಿ ಈ ಉತ್ತರ ಓದುತ್ತಿರುವವರು ಮಾತ್ರ ಗೋಣಿತಟ್ಟು ಕಟ್ಟಲು ಹೋಗಬೇಡಿ. ಅಲ್ಲಿ ಬಿಸಿ 33-34 ಇದ್ದರೂ ಗಾಳಿಯ ತುಂಬ ನೀರು. ಒಗೆದ ಬಟ್ಟೆಯೇ ಬೇಗ ಒಣಗದ ಊರಲ್ಲಿ ತಟ್ಟು ಒಣಗಿ ತಂಪು ಮಾಡುವುದೆಲ್ಲಿ? ಅಲ್ಲಿ ನೆರಳು, ಮಣ್ಣು ಮತ್ತು ಆಡುವ ಗಾಳಿ, ಇಷ್ಟೇ ದಾರಿ. ಡೊಂಬಿವಲಿಯದೋ ಮೀರಾ ರೋಡಿನದೋ ಏಳನೇ ಮಹಡಿಯ ಬಾಲ್ಕನಿಯಲ್ಲಿ ಸಲ್ಕಾಟಾ ಸಾಕುವ ವಿಚಾರ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಅತ್ತೆಯವರ ಮಜ್ಜಿಗೆ. ಅವರ ಪ್ರೀತಿ ಅರ್ಥವಾಗುತ್ತದೆ, ನಮ್ಮ ತಾಯಿಯೂ ಹಾಗೇ, ಬೇಸಿಗೆ ಬಂದರೆ ಬಂದವರಿಗೆಲ್ಲ ಮಜ್ಜಿಗೆ. ಆದರೆ ಹಾಲು ಕುಡಿದು ಬೆಳೆಯುವುದು ಸಸ್ತನಿಗಳು ಮಾತ್ರ. ಆಮೆಯ ಹೊಟ್ಟೆಗೆ ಹಾಲಿನ ಸಕ್ಕರೆ ಅರಗಿಸಲು ಬರುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾದರೆ ಮೈಯ ನೀರು ಹೋಗುತ್ತದೆ, ತಂಪು ಮಾಡಲು ಹೋಗಿ ಆಗಿದ್ದು ಉಲ್ಟಾ. ಕಲ್ಲಂಗಡಿಯ ಕತೆಯೂ ಅದೇ. ಹುಲ್ಲು ತಿನ್ನಲು ಹುಟ್ಟಿದ ಹೊಟ್ಟೆಯಲ್ಲಿ ಸಿಹಿ ಹಣ್ಣು ಹುಳಿಯುತ್ತದೆ. ತಿಂಗಳಿಗೊಮ್ಮೆ ಒಂದು ಸಿಪ್ಪೆ ಅಂದರೆ ಇರಲಿ. ಅತ್ತೆಯವರಿಗೆ ಬೇರೆ ಕೆಲಸ ಕೊಡಿ: ಗರಿಕೆ, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ, ಮುಳ್ಳು ಕೆತ್ತಿದ ಪಾಪಾಸುಕಳ್ಳಿ. ಇದನ್ನು ಮುಂಜಾನೆ ಏಳರೊಳಗೆ ನೀರು ಚಿಮುಕಿಸಿ ಹಾಕಲಿ. ಹೊತ್ತೇರಿದ ಮೇಲೆ ಹಾಕಿದರೆ ಅವನು ತಿನ್ನಲಿಕ್ಕೆಂದೇ ಬಿಸಿಲಲ್ಲಿ ನಿಲ್ಲುತ್ತಾನೆ.

ನೀರಿಗೆ ಹೂಕುಂಡದ ಕೆಳಗಿಡುವ ಅಗಲ ಮಣ್ಣಿನ ತಟ್ಟೆ ಸಾಕು. ಅಂಚು ನೆಲಮಟ್ಟಕ್ಕೆ ಬರುವ ಹಾಗೆ ಹೂಳಿ, ನೆರಳಲ್ಲಿಡಿ, ದಿನಾ ಬದಲಿಸಿ. ಅವನು ಅದರಲ್ಲೇ ಕೂತು ಅದರಲ್ಲೇ ಹೊಲಸು ಮಾಡುತ್ತಾನೆ. ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಟಬ್ಬಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಸಿ. ಆ ಟಬ್ಬು ಅಡುಗೆಮನೆಗೆ ಬರಬಾರದು, ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ನೆನೆಸಿದಾಗ ಅವನು ಬಿಳಿ ಪೇಸ್ಟಿನಂಥದ್ದನ್ನು ಹೊರಹಾಕುತ್ತಾನಲ್ಲ, ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಅಸಹ್ಯ ಪಡಬೇಡಿ, ಬೇಕಾದರೆ ಗ್ಲೌಸ್ ಹಾಕಿಕೊಳ್ಳಿ. ಗಟ್ಟಿ ಮೊಸರಿನ ಹಾಗೆ ನುಣ್ಣಗಿದ್ದರೆ ಮೈಯಲ್ಲಿ ನೀರಿದೆ. ರವೆಯ ಹಾಗೆ ತರಿ ತರಿ ಸಿಕ್ಕಿದರೆ ನೀರು ಸಾಲುತ್ತಿಲ್ಲ, ಹೀಗೇ ಬಿಟ್ಟರೆ ಕಲ್ಲಾಗುತ್ತದೆ. ಮತ್ತೆ ಸುಮ್ಮಸುಮ್ಮನೆ ಎತ್ತಬೇಡಿ. ಆಮೆ ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ, ಗಾಬರಿಯಾದರೆ ಅಷ್ಟನ್ನೂ ಸುರಿದುಬಿಡುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಗುಂಡನ ಕಾಗದಪತ್ರ ಆಗಿದೆಯಾ? 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಸಲ್ಕಾಟಾದಂಥ ವಿದೇಶಿ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮತ್ತೆ, ಇದು ನಿಜವಾಗಿ ಸಲ್ಕಾಟಾ ಹೌದಾ ಅಂತಲೂ ನೋಡಿ. ಚಿಪ್ಪು ಮರಳಿನ ಬಣ್ಣ, ತೊಡೆಯ ಹಿಂದೆ ದಪ್ಪ ಮುಳ್ಳುಗಳಿದ್ದರೆ ಸಲ್ಕಾಟಾ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಇದ್ದರೆ ಅದು ನಮ್ಮ ದೇಶದ್ದೇ ನಕ್ಷತ್ರ ಆಮೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಈಗ ಅದು ಮೊದಲನೇ ಪರಿಚ್ಛೇದದಲ್ಲಿದೆ, ಹುಲಿಯ ಸಾಲಿನಲ್ಲಿ. ಈ ಉತ್ತರ ಓದುವ ಯಾರ ಮನೆಯಲ್ಲಾದರೂ ಅದು ಇದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ರಾತ್ರೋರಾತ್ರಿ ಸಿಂಹಗಡದ ದಾರಿಯಲ್ಲಿ ಬಿಟ್ಟು ಬರುವುದು ಪರಿಹಾರವಲ್ಲ. ಸಲ್ಕಾಟಾಗೂ ಇದೇ ಮಾತು.

ಕೆಲಸವನ್ನು ಹೋಳಿ ಹುಣ್ಣಿಮೆಯ ಹೊತ್ತಿಗೆ ಮುಗಿಸಿಕೊಳ್ಳಿ, ಆಮೇಲೆ ಗುದ್ದಲಿ ಹಿಡಿಯುವವರೂ ಸಿಗುವುದಿಲ್ಲ, ನೆಲವೂ ಕಲ್ಲಾಗಿರುತ್ತದೆ. ಬಿಲದ ಬಾಯಿಗೆ ಅರ್ಧ ಅಡಿ ಎತ್ತರದ ಮಣ್ಣಿನ ಒಡ್ಡು ಕಟ್ಟಲು ಮರೆಯಬೇಡಿ, ಅವನು ಹತ್ತಿ ಇಳಿಯುವಷ್ಟು ಓರೆಯಾಗಿ. ಮೇ ತಿಂಗಳ ಸಂಜೆ ಪುಣೆಯಲ್ಲಿ ಗುಡುಗಿ ಸುರಿಯುವ ಮಳೆ ಅರ್ಧ ಗಂಟೆಯಲ್ಲಿ ಹಿತ್ತಲನ್ನು ಕೆರೆ ಮಾಡುತ್ತದೆ, ಆಗ ಬಿಲದ ತುದಿಯಲ್ಲಿ ಮಲಗಿರುವ ಆಮೆಗೆ ಮುಳುಗುವ ಅಪಾಯ. ಮೋಡ ಕಟ್ಟಿದ ಸಂಜೆ ಅವನನ್ನು ಗೂಡಿಗೆ ಸೇರಿಸಿ, ಬಿಲದ ಬಾಯಿಗೆ ಒಂದು ಫರಶಿ ಒರಗಿಸಿ. ಮೃಗಶಿರಾ ಮಳೆ ಹಿಡಿದ ಮೇಲಂತೂ ನಾಲ್ಕು ತಿಂಗಳು ಬಿಲ ಬಂದ್. ಆಗ ಅವನಿಗೆ ಬೇಕಾಗುವುದು ಬೆಚ್ಚಗಿನ, ಒಣ ಜಾಗ. ನೀವು ಕಟ್ಟಿಸಿದ ಇಟ್ಟಿಗೆ ಗೂಡು ಆವಾಗ ಕೆಲಸಕ್ಕೆ ಬರುತ್ತದೆ, ಸಿಮೆಂಟಿನ ಮೇಲೆ ಒಂದು ಗೇಣು ಒಣಹುಲ್ಲು ಹಾಸಿಬಿಡಿ.